ಅಂಗೈಬರಹ

ತ್ಬಿಲಿಸಿಯಲ್ಲಿ ಆ ಚಳಿಗಾಲ
ಗ್ಯಾಸಿಲ್ಲ, ಕರೆಂಟಿಲ್ಲ,
ಟ್ರಾಮುಗಳು ನಿಂತಲ್ಲೇ ನಿಂತಿದ್ದವು
ನೊಗ ಬಿಚ್ಚಲು ಯಾರೂ ಬಾರದ ಎತ್ತುಗಳ ಹಾಗೆ.
ನನ್ನದು ಏಳನೇ ಮಹಡಿ.
ಭೂಗೋಳ ಕಲಿಸುವವಳು ನಾನು.
ಶಾಲೆ ಮುಚ್ಚಿದ ಮೇಲೆ
ಭೂಮಿ ನನ್ನ ಅಡುಗೆಮನೆಯಷ್ಟಕ್ಕೆ ಇಳಿದಿತ್ತು:
ಸೀಮೆಎಣ್ಣೆ ಸ್ಟವ್ವು, ಒಂದು ಹಾಸಿಗೆ,
ಕಿಟಕಿಯ ಸಂದಿಗೆ ತುರುಕಿದ ಹಳೆಯ ಭೂಪಟ,
ಶಾಂತಸಾಗರದ ಭಾಗ.
ಅದನ್ನೂ ದಾಟಿ ಗಾಳಿ ಬರುತ್ತಿತ್ತು.

ರಾತ್ರಿ ಎರಡಕ್ಕೆ ಎಚ್ಚರ.
ಯಾರೂ ಬಾಗಿಲು ತಟ್ಟಿರುವುದಿಲ್ಲ,
ಎದೆಯಲ್ಲಿ ಮಾತ್ರ ಅವಲಕ್ಕಿ ಕುಟ್ಟುತ್ತಿರುತ್ತದೆ.
ಸ್ಟವ್ವು ಆರಿಸಿದೆನಾ?
ದೂರದಲ್ಲಿ ಸಿಡಿದದ್ದು ಗುಂಡಾ,
ಹಿಮ ಜಾರಿದ ತಗಡಾ?
ಆರಿಸಿದೆನಾ?
ಎದ್ದು ಮುಟ್ಟಿ ನೋಡುತ್ತೇನೆ. ತಣ್ಣಗಿದೆ.
ಮಲಗಿ, ಮತ್ತೆ ಎದ್ದು, ಮುಟ್ಟಿ ನೋಡುತ್ತೇನೆ.
ನದಿಗಳ ಹೆಸರು ಹೇಳಿಕೊಳ್ಳುತ್ತೇನೆ, ಸಮಾಧಾನಕ್ಕೆ.
ಓಬ್, ಯೆನಿಸೆಯ್, ಲೇನಾ.
ಎಲ್ಲವೂ ಉತ್ತರದ ಹಿಮಕ್ಕೇ ಹೋಗಿ ಬೀಳುವಂಥವು.
ಆ ಹೊತ್ತಿನಲ್ಲಿ ಬೇರೆ ನದಿಗಳು
ಯಾಕೆ ನೆನಪಿಗೆ ಬರುವುದಿಲ್ಲವೋ.

ಬ್ರೆಡ್ಡಿನ ಸಾಲು ಶುರುವಾಗುವುದು ಮೂರಕ್ಕೆ.
ಬೇಕರಿಯ ಮುಂದೆ ಬೆಂಕಿ, ಉರಿಯುತ್ತಿರುವುದು ಪಾರ್ಕಿನ ಬೆಂಚು.
ಉಣ್ಣೆ ಟೋಪಿಯ ಹುಡುಗನೊಬ್ಬ
ನೇರಳೆ ಪೆನ್ಸಿಲ್ಲಿನ ತುದಿ ನೆಕ್ಕಿ ನೆಕ್ಕಿ
ಎಲ್ಲರ ಅಂಗೈಗೆ ನಂಬರು ಬರೆಯುತ್ತಿದ್ದ.
ನನ್ನದು ಇನ್ನೂರ ಹದಿನೇಳು.

ಹಣೆಬರಹ ಓದಿದವರಿಲ್ಲ.
ಇದು ಅಂಗೈಬರಹ, ಕನ್ನಡಿಯೂ ಬೇಡ.
ಇನ್ನೂರ ಹದಿನೇಳು ಅಂದರೆ
ನನ್ನ ಮುಂದೆ ಒಬ್ಬರಿದ್ದಾರೆ,
ಹಿಂದೆ ಒಬ್ಬರಿದ್ದಾರೆ,
ನಡುವೆ ನಾನು ಇದ್ದೇನೆ.
ಏಳನೇ ಮಹಡಿಯಲ್ಲಿ ಇಷ್ಟನ್ನೂ ಯಾರೂ ಹೇಳಿರಲಿಲ್ಲ.
ಆ ದಿನ ಕೈ ತೊಳೆಯದೆ ಮಲಗಿದೆ.
ಎರಡಕ್ಕೆ ಎಚ್ಚರವಾದಾಗ
ಕತ್ತಲಲ್ಲಿ ಕಾಣದ ಅಂಕಿಯನ್ನು
ಹೆಬ್ಬೆರಳಿಂದ ಸವರಿದೆ.

ಇನ್ನೂರ ಹದಿನೆಂಟು, ಲಮಾರಾ.
ಗಂಡನ ಓವರ್‌ಕೋಟು, ಒಂದೇ ಒಂದು ಕೈಗವಸು.
ಇನ್ನೊಂದೆಲ್ಲಿ ಎಂದೆ.
"ಅದು ಮನೆ ಕಾಯ್ತಿದೆ."
ನಗು ಬಂತು. ಗಂಟಲಿಗೆ ಅಭ್ಯಾಸ ತಪ್ಪಿತ್ತು,
ಕೆಮ್ಮಾಗಿ ಹೊರಬಿತ್ತು.
ಅವಳು ಬೆನ್ನು ತಟ್ಟಿದಳು.
ನವೆಂಬರಿನಿಂದೀಚೆ ನನ್ನನ್ನು ಮುಟ್ಟಿದ ಮೊದಲ ಕೈ.
ಆಮೇಲೆ ನಂಬರು ದಿನಕ್ಕೊಂದು ಬದಲಾಯಿತು,
ಒಂದರ ಹಿಂದೊಂದು ಇರುವುದು ಬದಲಾಗಲಿಲ್ಲ.
ನಿನಗೂ ಎರಡಕ್ಕಾ? ಒಮ್ಮೆ ಕೇಳಿದೆ.
"ಎರಡೂಕಾಲು" ಎಂದಳು.
ಅಂದಿನಿಂದ
ನಾನೊಬ್ಬಳೇ ಹೆದರಬೇಕಾದದ್ದು
ಹದಿನೈದು ನಿಮಿಷ ಮಾತ್ರ.

ಫೆಬ್ರವರಿಯ ಒಂದು ರಾತ್ರಿ ಅವಳು ಬರಲಿಲ್ಲ.
ಹುಡುಗ ನನ್ನ ಕೈಗೆ ನೂರ ಆರು ಬರೆದ.
ಹಿಂದಿದ್ದ ಮುದುಕಿ ಮುಂದೆ ಸರಿದಳು.
ಇಲ್ಲ, ಎಂದೆ. ಇಲ್ಲಿ ಒಬ್ಬರಿದ್ದಾರೆ.
"ಎಲ್ಲಿ?"
ನನಗೂ ಗೊತ್ತಿರಲಿಲ್ಲ.
ಶಾಲೆ ಮುಚ್ಚಿದ ಮೇಲೆ ಮೊದಲ ಸಲ ದನಿ ಏರಿಸಿ
ಎಡಗೈ ಚಾಚಿದೆ.
ಬರಿ, ನೂರ ಏಳು.
ಹುಡುಗ ಮುದುಕಿಯ ಮುಖ ನೋಡಿದ,
ಪೆನ್ಸಿಲ್ಲು ನೆಕ್ಕಿದ, ಬರೆದ.

ಟ್ರಾಮ್ ಶೆಡ್ಡಿನ ಹಿಂದೆ, ಕೆಂಪು ಗೇಟು.
ಅವಳ ವಿಳಾಸ ತಿಳಿದದ್ದು ಅಷ್ಟೇ.
ಜಗತ್ತಿನ ರಾಜಧಾನಿಗಳೆಲ್ಲ ಬಾಯಿಪಾಠ ಇದ್ದವಳು
ಎರಡು ಬೀದಿ ದಾಟಲು ನಾಲ್ಕು ಜನರನ್ನು ಕೇಳಿದೆ.
ಕೆಂಪು ಗೇಟುಗಳು ಮೂರಿದ್ದವು.
ಮೊದಲನೆಯದರಲ್ಲಿ ನಾಯಿ.
ಎರಡನೆಯದರಲ್ಲಿ ನಾಯಿಯೂ ಇಲ್ಲ.
ಮೂರನೆಯದರ ಮೆಟ್ಟಿಲು ಹತ್ತುವಾಗ
ಎದೆಯಲ್ಲಿ ಮತ್ತದೇ ಅವಲಕ್ಕಿ.
ಕುಟ್ಟಲಿ ಎಂದುಕೊಂಡೆ.
ಕೋಟಿನೊಳಗೆ ಎರಡು ಬ್ರೆಡ್ಡು ಇನ್ನೂ ಬಿಸಿಯಿದ್ದವು.

ತಟ್ಟಿದೆ.
ಒಳಗೇನೋ ಸರಿದ ಸದ್ದು, ಕುರ್ಚಿಯೋ, ಬೆಕ್ಕೋ.
"ಯಾರು?"
ನನ್ನ ಹೆಸರು ಎತೇರಿ ಎಂದು
ಅವಳಿಗೆ ಎಂದಾದರೂ ಹೇಳಿದ್ದೆನಾ?
ನೆನಪಾಗಲಿಲ್ಲ.
ನಿನ್ನ ಮುಂದಿನವಳು, ಎಂದೆ.

ಚಿಲಕ ಬಿಗಿಯಿತ್ತು.
ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.